ಲಾಲಬಿಯ ಎರಡು ಗಾದಿ

ಧಾರವಾಡದಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಔಷಧಿ ಕೊಡುವವರ ಮಾತಲ್ಲ, ಪ್ರಬಂಧ ಬರೆದು ಡಾಕ್ಟರಾದವರ ಮಾತು. ನಾನೂ ಅವರಲ್ಲೊಬ್ಬ. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ತತ್ವಶಾಸ್ತ್ರ ಕಲಿಸಿ, ನಿವೃತ್ತನಾಗಿ, ಈಗ ಅಲ್ಲಿಯೇ ವಿದ್ಯಾನಗರದ ಮನೆಯಲ್ಲಿ ಕೂತು ಸಿಟ್ಟು ಮಾಡಿಕೊಳ್ಳುವುದನ್ನೇ ಉದ್ಯೋಗ ಮಾಡಿಕೊಂಡಿದ್ದೇನೆ. ಆದರೆ ನಾನು ಬರೆಯಲು ಕೂತದ್ದು ಡಾಕ್ಟರುಗಳ ಬಗ್ಗೆ ಅಲ್ಲ. ಅವರ ಪ್ರಬಂಧಗಳನ್ನು ಟೈಪು ಮಾಡಿ, ರಟ್ಟು ಹಾಕಿ, ಕೈಯಲ್ಲಿಟ್ಟು ಕಳಿಸುವ ಖಾಜಾಸಾಬ ನದಾಫರ ಬಗ್ಗೆ. ಅವರು ಓದಿದ್ದು ಎಸ್ಸೆಸ್ಸೆಲ್ಸಿ.

ಧಾರವಾಡದ ಸಪ್ತಾಪುರದಲ್ಲಿ, ಸ್ಪರ್ಧಾ ಪರೀಕ್ಷೆಯ ತರಬೇತಿ ಕೇಂದ್ರಗಳ ಬೋರ್ಡುಗಳ ನಡುವೆ ಹುಡುಕಿದರೆ ಸಿಗುವ ಅಂಗಡಿ ಅವರದು. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಮೂಲೆಯಲ್ಲಿ ಅಂಟಿನ ಡಬ್ಬಿ, ಮೇಲೆ ಒಂದು ಅಟ್ಟ. ಮೂವತ್ತು ವರ್ಷಗಳ ಹಿಂದೆ ಕನ್ನಡ ಟೈಪ್‌ರೈಟರ್ ಇಟ್ಟುಕೊಂಡು ಶುರುಮಾಡಿದವರು. ಅಲ್ಲಿಂದ ಇಲ್ಲಿಯವರೆಗೆ ಮುನ್ನೂರಕ್ಕೂ ಹೆಚ್ಚು ಪ್ರಬಂಧಗಳು ಅವರ ಕೈದಾಟಿ ಹೋಗಿವೆ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗುರುಗಳು, ಅತ್ತೆ ಮಾವ, ಹೆಂಡತಿ ಮಕ್ಕಳೆಲ್ಲ ಮುಗಿದ ಮೇಲೆ ಕಟ್ಟಕಡೆಗೆ 'ಅಂದವಾಗಿ ಟೈಪು ಮಾಡಿಕೊಟ್ಟ' ಎಂದು ಒಂದು ಸಾಲು ಅವರ ಪಾಲಿಗೆ ಬರುತ್ತದೆ. ನನ್ನ ಪ್ರಬಂಧವನ್ನೂ ಅವರೇ ಟೈಪು ಮಾಡಿದ್ದು. ಅದರಲ್ಲಿ ಆ ಒಂದು ಸಾಲೂ ಇಲ್ಲ.

ಅವರ ಕೆಲಸದ ರೀತಿ ಬೇರೆಯವರಿಗೆ ತಲೆನೋವು. ಹಸ್ತಪ್ರತಿ ಕೊಟ್ಟು 'ನಾಳೆ ಬರ್ತೇನಿ' ಎಂದು ಹೋಗುವ ಹಾಗಿಲ್ಲ. ಬರೆದವರು ಪಕ್ಕದ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದಬೇಕು, ಅವರು ಕೇಳುತ್ತ ಟೈಪು ಮಾಡುತ್ತಾರೆ. ಪುಟ ಮುಗಿದೊಡನೆ ಹಸ್ತಪ್ರತಿಯ ಅಡಿಯಲ್ಲಿ ಓದಿದವರ ಸಹಿ ಮತ್ತು ತಾರೀಕು. ಪ್ರಬಂಧ ಪೂರ್ತಿ ಆದಮೇಲೆ ಆ ಹಸ್ತಪ್ರತಿಯನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲಿಡುತ್ತಾರೆ. ಪದವಿ ಬಂದ ಮೇಲೆಯೇ ಗಂಟು ವಾಪಸು. ಹಿಂದೊಮ್ಮೆ ಒಬ್ಬ ಮಹಾಶಯ ತಾನು ಬರೆಯದೇ ಬಿಟ್ಟ ಎಂಟು ಪುಟಗಳನ್ನು 'ಟೈಪಿಸ್ಟ್ ಕಳೆದ' ಎಂದು ಪರೀಕ್ಷಕರ ಎದುರಿಗೆ ಹೇಳಿದ್ದ. ಅವತ್ತಿನಿಂದ ಈ ಪದ್ಧತಿ.

ಈ ಪದ್ಧತಿಯಿಂದ ಇನ್ನೊಂದು ಆಯಿತು. ಮುನ್ನೂರು ಪ್ರಬಂಧಗಳನ್ನು ಅವರು ಕಿವಿಯಿಂದ ಕೇಳಿದರು. ಬರೆದವರೇ ಎರಡನೇ ಸಲ ಓದದ ಪುಟಗಳನ್ನು ಧಾರವಾಡದಲ್ಲಿ ಶ್ರದ್ಧೆಯಿಂದ ಕೇಳಿದ ಮನುಷ್ಯ ಅವರೊಬ್ಬರೇ ಇರಬೇಕು. ಕೇಳಿದರೆ ಸುಮ್ಮನಿರಬೇಕಲ್ಲ, ಪ್ರಶ್ನೆ ಹಾಕುತ್ತಾರೆ. ನಾನು ಸ್ಟೂಲಿನ ಮೇಲೆ ಕೂತಿದ್ದ ಕಾಲದಲ್ಲಿ ಒಮ್ಮೆ, ಈ ವಾಕ್ಯಕ್ಕೂ ಹಿಂದಿನ ವಾಕ್ಯಕ್ಕೂ ಹೊಂದಿಕೆ ಆಗುತ್ತಿಲ್ಲವಲ್ಲ ಎಂದು ಕೇಳಿದ್ದರು. ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂದು ನಾನು ಗದರಿದೆ. ಹೊಂದಿಕೆ ಇರಲಿಲ್ಲ ಎಂಬುದು ಎರಡು ವರ್ಷದ ಮೇಲೆ ನನಗೆ ತಿಳಿಯಿತು. ಹೋಗಿ ಹೇಳಲಿಲ್ಲ.

ಸೌಮ್ಯಾ ಖಾಜಾಸಾಬರ ಅಂಗಡಿಗೆ ಬಂದದ್ದು ಏಳೆಂಟು ವರ್ಷದ ಹಿಂದೆ. ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯ ಹುಡುಗಿ. ತಂದೆ ನೀಲಕಂಠಪ್ಪ ಭತ್ತ ಬೆಳೆಯುವವರು, ಮಗಳು ಓದುತ್ತೇನೆಂದರೆ ಓದು ಎಂದವರು. ಆಕೆ ಮುಂಜಾನೆಯ ಬಸ್ಸಿಗೆ ಧಾರವಾಡಕ್ಕೆ ಬಂದು, ಅಲ್ಲಿಯ ಒಂದು ಖಾಸಗಿ ಸಂಶೋಧನ ಕೇಂದ್ರದಲ್ಲಿ ಡಾಕ್ಟರೇಟಿಗೆ ಹೆಸರು ಹಚ್ಚಿದ್ದಳು. ಕೇಂದ್ರದ ಹೆಸರು ಬರೆಯುವುದಿಲ್ಲ. ಅಲ್ಲಿಯ ನಿರ್ದೇಶಕರೇ ಆಕೆಗೆ ಮಾರ್ಗದರ್ಶಕರು.

ಆಕೆ ಆರಿಸಿಕೊಂಡ ವಿಷಯ ಕೇಳಲು ಕಠಿಣ, ತಿಳಿದರೆ ಸರಳ. ಇಂಗ್ಲಿಷಿನವರು ಸೂಪರ್‌ವೀನಿಯನ್ಸ್ ಎನ್ನುತ್ತಾರೆ. ಚೆಲುವು, ಒಳ್ಳೆಯತನ, ಮನಸ್ಸಿನ ನೋವು ನಲಿವು ಇಂಥ ಮೇಲಿನ ಗುಣಗಳು ಕೆಳಗಿನ ಸಂಗತಿಗಳ ಮೇಲೆ ನಿಂತಿರುತ್ತವೆ. ಕೆಳಗೆ ಏನೂ ವ್ಯತ್ಯಾಸವಿಲ್ಲದೆ ಮೇಲೆ ವ್ಯತ್ಯಾಸ ಬರಲಾರದು. ಇಷ್ಟೇ. ಎರಡು ಚಿತ್ರಗಳು ಗೆರೆಗೆರೆಗೂ ಬಣ್ಣಬಣ್ಣಕ್ಕೂ ಒಂದೇ ಆಗಿದ್ದರೆ ಒಂದು ಚೆಂದ, ಇನ್ನೊಂದು ಕುರೂಪ ಎನ್ನಲಾಗದು. ಮಿದುಳಿನಲ್ಲಿ ಕೂದಲೆಳೆಯಷ್ಟೂ ಬದಲಾಗದೆ ಮನಸ್ಸಿನ ವಿಚಾರ ಮಾತ್ರ ಬದಲಾಗುವುದಿಲ್ಲ ಎಂದು ವಾದಿಸುವವರಿದ್ದಾರೆ. ಅರವತ್ತು ಎಪ್ಪತ್ತು ವರ್ಷಗಳಿಂದ ಪಂಡಿತರು ಇದರ ಸುತ್ತ ಜಗಳಾಡುತ್ತಿದ್ದಾರೆ, ಮತ್ತು ಜಗಳವೆಲ್ಲ ಒಂದೇ ಪ್ರಶ್ನೆಯದು: ಯಾವ ಗುಣಕ್ಕೆ ಯಾವುದು ತಳ, ತಳದಲ್ಲಿ ಏನೇನನ್ನು ಲೆಕ್ಕಕ್ಕೆ ಹಿಡಿಯಬೇಕು.

ಸೌಮ್ಯಾ ಇದಕ್ಕೆ 'ಆಧಾರಾನುವರ್ತನೆ' ಎಂಬ ಭಾರಿ ಹೆಸರಿಟ್ಟಿದ್ದಳು. ಆಕೆ ಮೂರನೆಯ ಅಧ್ಯಾಯ ಓದುವಾಗ ಖಾಜಾಸಾಬರು ಟೈಪು ಮಾಡುವುದನ್ನು ನಿಲ್ಲಿಸಿ, ಈ ಶಬ್ದ ತೊಂಬತ್ತು ಸಲ ಹೊಡೆದೆ, ಅದು ಏನೆಂದು ಒಂದು ಸಲವೂ ತಿಳಿಯಲಿಲ್ಲ ಎಂದರಂತೆ. ಆಕೆ ಗದರಲಿಲ್ಲ. ನಾನು ಡಾಕ್ಟರನಾಗಿಯೂ ಮಾಡದ ಕೆಲಸವನ್ನು ಆಕೆ ಡಾಕ್ಟರಾಗುವ ಮೊದಲೇ ಮಾಡಿದಳು. ಕಾಗದ ಬದಿಗಿಟ್ಟು, ಚಿತ್ರದ ಉದಾಹರಣೆ ಕೊಟ್ಟು, ಬಾಯಿಮಾತಿನಲ್ಲಿ ತಿಳಿಸಿ ಹೇಳಿದಳು. ಕೇಳಿ ಮುಗಿಸಿದ ಖಾಜಾಸಾಬರು, ಇದು ನಮ್ಮವ್ವನ ಗಾದಿಯ ಜಗಳ ಅಲ್ಲವೇ ಎಂದರು.

ಅವರ ತಾಯಿ ಲಾಲಬಿ ಹಳೇ ಹುಬ್ಬಳ್ಳಿಯಲ್ಲಿ ಗಾದಿ ತುಂಬುತ್ತಿದ್ದಾಕೆ. ನದಾಫರ ಮನೆತನದ ಕಸುಬೇ ಅದು. ಅಮರಗೋಳದ ಕಡೆಯಿಂದ ಅರಳೆ ತರುವುದು, ಬಿಲ್ಲು ಹಿಡಿದು ಹಿಂಜುವುದು, ತುಂಬಿ ಹೊಲಿಯುವುದು. ಮೊದಲ ಹಿಡಿ ಅರಳೆಯನ್ನು ಚೀಲದೊಳಗೆ ಇಡುವಾಗ ಬಿಸ್ಮಿಲ್ಲಾ ಎನ್ನುತ್ತಿದ್ದಳು, ಉಳಿದದ್ದಕ್ಕೆ ಸುಮ್ಮನೆ ಕೈ. ಒಂದು ಸಲ ಅಣ್ಣತಮ್ಮಂದಿರ ಎರಡು ಮನೆಗೆ ಎರಡು ಗಾದಿ ತುಂಬಿದಳು. ಒಂದೇ ಅಂಡಿಗೆಯ, ಅಂದರೆ ಒಂದೇ ಮೂಟೆಯ ಅರಳೆ, ಒಂದೇ ತೂಕ, ಒಂದೇ ಹಿಂಜುವಿಕೆ, ಒಂದೇ ಥಾನಿನ ಬಟ್ಟೆ, ಹೊಲಿಗೆಯೂ ಒಂದೇ. ನಾಲ್ಕು ದಿನಕ್ಕೆ ತಮ್ಮನ ಹೆಂಡತಿ ಗಾದಿ ಹೊರಿಸಿಕೊಂಡು ಬಂದು, ಅಣ್ಣನ ಮನೆಯದು ಮೆತ್ತಗಿದೆ, ನಮ್ಮದು ಗಡಸು ಎಂದು ಓಣಿಯಲ್ಲಿ ನಿಂತು ಕೂಗಾಡಿದಳು.

ಲಾಲಬಿ ಎದುರು ಕೂಗಲಿಲ್ಲ. ಅಣ್ಣನ ಮನೆಯ ಗಾದಿಯನ್ನೂ ತರಿಸಿದಳು. ಎರಡರ ಹೊಲಿಗೆಯನ್ನೂ ಓಣಿಯ ಎದುರೇ ಬಿಚ್ಚಿ, ಎರಡರ ಅರಳೆಯನ್ನೂ ಚಾದರದ ಮೇಲೆ ಸುರಿದು, ಒಳಗೆ ಏನಾದರೂ ಬೇರೆ ಇದ್ದರೆ ತೋರಿಸಿ, ಇಲ್ಲದಿದ್ದರೆ ನನ್ನ ಗಾದಿಯ ಮೇಲೆ ಅಪವಾದ ಹೊರಿಸಬೇಡಿ ಎಂದಳು. ಆ ಹೆಂಗಸು ಅರ್ಧ ತಾಸು ಅರಳೆಯಲ್ಲಿ ಕೈಯಾಡಿಸಿ ಬಾಯಿ ಮುಚ್ಚಿಕೊಂಡು ಹೋದಳು. ಲಾಲಬಿ ಮತ್ತೆ ಎರಡನ್ನೂ ತುಂಬಿ ಹೊಲಿದು ಕಳಿಸಿದಳು.

ಸೌಮ್ಯಾ ಇದನ್ನು ಬಿಡುತ್ತಾಳೆಯೇ? ಮೂರನೆಯ ಅಧ್ಯಾಯವನ್ನು ಹರಿದು ಹಾಕಿ, ಲಾಲಬಿಯ ಎರಡು ಗಾದಿಗಳ ಮೇಲೆಯೇ ಹೊಸದಾಗಿ ಬರೆದಳು. ಎಂಟು ತಿಂಗಳು ಹಿಡಿಯಿತು. ಆಕೆ ಬರೆದು ತರುವುದು, ಓದುವುದು, ಹಿಂಜುವ ವಿವರ ತಪ್ಪಿದ್ದರೆ ಖಾಜಾಸಾಬರು ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದುವುದು, ಆಕೆ ಮತ್ತೆ ಬರೆಯುವುದು. ನಾನು ಆಮೇಲೆ ಓದಿದ್ದೇನೆ, ಹಾಗಾಗಿ ಹೇಳುತ್ತೇನೆ: ಆ ಅಧ್ಯಾಯದಂಥದು ಕನ್ನಡದಲ್ಲಿ ತತ್ವಶಾಸ್ತ್ರ ಬರೆಯುವ ನಮ್ಮ ಯಾರ ಕೈಯಿಂದಲೂ ಬಂದಿಲ್ಲ. ಮುಗಿದ ಕರಡನ್ನು ಆಕೆ ನಿಯಮದಂತೆ ನಿರ್ದೇಶಕರಿಗೆ ಕೊಟ್ಟಳು. ನೋಡುತ್ತೇನೆ, ನೋಡುತ್ತೇನೆ ಎನ್ನುತ್ತ ಅವರು ಅದನ್ನು ಹನ್ನೊಂದು ತಿಂಗಳು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು.

ಆ ನಡುವೆ ಅದೇ ಕೇಂದ್ರದಿಂದ, ಅದೇ ನಿರ್ದೇಶಕರ ಕೈಕೆಳಗೆ, ಬಸವಪ್ರಭು ಎಂಬ ಯುವಕ ಡಾಕ್ಟರಾದ. ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರದ ದೊಡ್ಡ ಮನೆತನ. ಪ್ರಬಂಧ ಬೇರೆಲ್ಲೋ ಟೈಪಾಗಿ ಕೂಡಲೇ ಪುಸ್ತಕವಾಯಿತು, ಪುಸ್ತಕಕ್ಕೆ ಶಾಲು ಹಾರದ ಸಮಾರಂಭವಾಯಿತು. ಅಲ್ಲಿ ಭಾಷಣ ಮಾಡಲು ಕರೆದದ್ದು ನನ್ನನ್ನು. ಆ ಪುಸ್ತಕದ ಒಂದು ಅಧ್ಯಾಯದಲ್ಲಿ ಶರಣವ್ವ ಎಂಬ ಒಕ್ಕಲುತನದ ಮನೆಯ ಹೆಣ್ಣುಮಗಳು ಎರಡು ಗಾದಿ ತುಂಬುತ್ತಾಳೆ, ಮೊದಲ ಹಿಡಿ ಅರಳೆ ಇಡುವಾಗ ಬಿಸ್ಮಿಲ್ಲಾ ಎನ್ನುತ್ತಾಳೆ. ನಾನು ವೇದಿಕೆಯ ಮೇಲೆ ಅದನ್ನು ಓದಿ ತೋರಿಸಿ, ಶರಣವ್ವನ ಬಾಯಲ್ಲಿ ಬಿಸ್ಮಿಲ್ಲಾ, ಇದು ನಮ್ಮ ನೆಲದ ಭಾವೈಕ್ಯ ಎಂದೆ. ಚಪ್ಪಾಳೆ ಬಿತ್ತು. ಹೊಲದ ಕೆಲಸ ಮಾಡುವ ಮನೆಯ ಶರಣವ್ವ ಬಿಲ್ಲು ಹಿಡಿದು ಅರಳೆ ಹಿಂಜಲು ಯಾವಾಗ ಕೂತಳು ಎಂದು ನನ್ನ ತಲೆಗೆ ಹೊಳೆಯಲಿಲ್ಲ.

ಮುಂದಿನ ವರ್ಷ ಸೌಮ್ಯಾಳ ಪ್ರಬಂಧ ಮೌಲ್ಯಮಾಪನಕ್ಕೆ ಬಂದದ್ದೂ ನನಗೇ. ಹೊರಗಿನ ಪರೀಕ್ಷಕ ಎಂದು ಕಳಿಸಿದ್ದರು. ಮೂರನೆಯ ಅಧ್ಯಾಯ ತೆರೆದೊಡನೆ ನನಗೆ ರಕ್ತ ಕುದಿಯಿತು. ಬಸವಪ್ರಭುವಿನ ಅಧ್ಯಾಯ ಸಾಲಿಗೆ ಸಾಲು ಅಲ್ಲಿತ್ತು. ಶರಣವ್ವ ಇದ್ದಲ್ಲಿ ಲಾಲಬಿ, ಅಷ್ಟೇ ವ್ಯತ್ಯಾಸ. ಒಂದು ಹೆಸರು ಬದಲಿಸಿ ಎಂಥ ಧೈರ್ಯದಿಂದ ಕದ್ದಿದ್ದಾಳೆ ಎಂದುಕೊಂಡೆ. ಅಚ್ಚಾದದ್ದು ಮೊದಲು, ಅಚ್ಚಾಗದ್ದು ನಕಲು. ಮೂವತ್ತೊಂದು ವರ್ಷ ತರ್ಕ ಕಲಿಸಿದವನ ತರ್ಕ ಇಷ್ಟು. ಯಾರನ್ನೂ ಕೇಳಲಿಲ್ಲ, ಒಂದು ಫೋನು ಮಾಡಲಿಲ್ಲ, ಕೂತಲ್ಲಿಯೇ ಎರಡು ಪುಟದ ವರದಿ ಬರೆದೆ.

ಪರೀಕ್ಷಕರ ವರದಿ ಗೌಪ್ಯ. ಆದರೆ ನಮ್ಮಲ್ಲಿ ಯಾರಿಗೂ ಕನ್ನಡ ಟೈಪಿಂಗ್ ಬಾರದು. ಗೌಪ್ಯ ವರದಿಗಳೆಲ್ಲ ಮುದ್ರೆಯ ಲಕೋಟೆ ಸೇರುವ ಮೊದಲು ಖಾಜಾಸಾಬರ ಅಂಗಡಿಯಲ್ಲಿ ಗಟ್ಟಿಯಾಗಿ ಓದಿಸಿಕೊಳ್ಳುತ್ತವೆ. ಬರೆದವನು ಅಲ್ಲಿಗೇ, ಕದ್ದವನನ್ನು ಹಿಡಿಯುವವನೂ ಅಲ್ಲಿಗೇ. ನಾನೂ ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹತ್ತಿ, ಬಸವಪ್ರಭುವಿನ ಪುಸ್ತಕವನ್ನು ಸಾಕ್ಷಿಗೆಂದು ಚೀಲದಲ್ಲಿಟ್ಟುಕೊಂಡು ಸಪ್ತಾಪುರಕ್ಕೆ ಹೋದೆ. ಸ್ಟೂಲಿನ ಮೇಲೆ ಕೂತು ಓದತೊಡಗಿದೆ. ಅಭ್ಯರ್ಥಿಯ ಹೆಸರು ಕೇಳಿದಾಗ ಅವರು ನಕ್ಕರು, ನಮ್ಮ ಹುಡುಗಿ ಎಂದರು. ಮೂರನೆಯ ಅಧ್ಯಾಯವು ಡಾ. ಬಸವಪ್ರಭು ಅವರ ಗ್ರಂಥದಿಂದ ಅಕ್ಷರಶಃ ನಕಲು ಮಾಡಿದ್ದಾಗಿದೆ ಎಂದು ನಾನು ಓದಿದೆ. ಕೀಲಿಗಳ ಸಪ್ಪಳ ನಿಂತಿತು.

"ಇದನ್ನ ನಾ ಟೈಪ್ ಮಾಡಂಗಿಲ್ರಿ ಸರ" ಎಂದರು.

ನನಗೆ ಮೊದಲು ಬಂದದ್ದು ಸಿಟ್ಟು. ಟೈಪಿಸ್ಟ್ ಪರೀಕ್ಷಕನಿಗೆ ಬುದ್ಧಿ ಹೇಳುವ ಕಾಲ ಬಂತೇ ಎಂದು ಏನೇನೋ ಅಂದೆ. ನಾನು ಚೀಲದಿಂದ ತೆಗೆದು ತೋರಿಸಿದ ಪುಸ್ತಕವನ್ನು ಅವರು ಕೈಗೆ ತೆಗೆದುಕೊಂಡರು. ಗುರುತಿಗೆ ಕಾಗದ ಇಟ್ಟಿದ್ದ ಪುಟ ತೆರೆದು ತುಟಿಯಲ್ಲೇ ಓದಿಕೊಂಡರು. ಒಂದು ಪುಟ, ಎರಡು ಪುಟ. ಮುಖ ಕಪ್ಪಿಟ್ಟಿತು. ನಂತರ ಅಟ್ಟದಿಂದ ಒಂದು ಗಂಟು ಇಳಿಸಿ ಬಿಚ್ಚಿ, ಹಾಳೆಗಳನ್ನು ನನ್ನ ಮುಂದೆ ಒಂದೊಂದಾಗಿ ಇಟ್ಟರು. ಸೌಮ್ಯಾಳ ಅಕ್ಷರ, ಪ್ರತಿ ಪುಟದಡಿ ಆಕೆಯ ಸಹಿ, ತಾರೀಕು. ಕೆಲವು ಹಾಳೆಗಳ ಅಂಚಿನಲ್ಲಿ ಬಿಲ್ಲು ಹಿಡಿಯುವುದು ಹೀಗಲ್ಲ, ಹೀಗೆ ಎಂದು ಪೆನ್ಸಿಲಿನ ತಿದ್ದುಪಡಿ. ಎಲ್ಲವೂ ಬಸವಪ್ರಭುವಿನ ಪುಸ್ತಕಕ್ಕಿಂತ ತಿಂಗಳುಗಟ್ಟಲೆ ಹಿಂದಿನವು.

"ಶರಣವ್ವ ಯಾಕ ಬಿಸ್ಮಿಲ್ಲಾ ಅಂದಾಳ್ರಿ ಸರ?" ಎಂದು ಕೇಳಿದರು. ಧ್ವನಿ ಏರಿರಲಿಲ್ಲ. "ಅಕಿ ನಮ್ಮವ್ವರೀ. ಸತ್ತು ಹದಿನಾಲ್ಕು ವರ್ಷ ಆತು. ಅಕಿ ಹೆಸರು ತಗದು ಒಗದು, ಅಕಿ ಬಾಯಾಗಿನ ಮಾತಷ್ಟ ಇಟಗೊಂಡಾರ."

ನಾನು ಆ ಮಾತಿಗೆ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೆ ಎಂದು ಅವರಿಗೆ ಹೇಳುವ ಧೈರ್ಯ ಆಗಲಿಲ್ಲ. ವರದಿಯನ್ನು ಅಲ್ಲಿಯೇ ಹರಿದೆ. ಮನೆಗೆ ಬಂದು, ಕಳುವಾದದ್ದು ಸೌಮ್ಯಾಳದು, ವಿಚಾರಣೆ ಆಗಬೇಕು ಎಂದು ಕೇಂದ್ರಕ್ಕೆ ಪತ್ರ ಬರೆದೆ. ತಿಂಗಳೊಳಗೆ ವಿಚಾರಣಾ ಸಮಿತಿ ಆಯಿತು. ಸದಸ್ಯರು ಮೂವರು: ನಾನು, ಕೇಂದ್ರದ ಕುಲಸಚಿವ ಶಶಿಕಾಂತ, ಮತ್ತು ಅಧ್ಯಕ್ಷರಾಗಿ ನಿರ್ದೇಶಕರು. ಯಾರ ಮೇಜಿನ ಮೇಲಿಂದ ಕರಡು ಹೋಯಿತೋ ಅವರೇ ಅದು ಎಲ್ಲಿ ಹೋಯಿತೆಂದು ವಿಚಾರಿಸುವವರು. ನಾನು ಆಕ್ಷೇಪ ಎತ್ತಿದೆ. ಬೇರೆ ಹಿರಿಯರು ಯಾರಿದ್ದಾರೆ ಹೇಳಿ ಎಂದರು ಕೇಂದ್ರದವರು. ಒಪ್ಪಿಕೊಂಡೆ.

ಸಭೆಯ ದಿನ ಖಾಜಾಸಾಬರು ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಂಟನ್ನು ಎದೆಗವಚಿಕೊಂಡು ಬಂದಿದ್ದರು. ಅವರನ್ನೂ ಸೌಮ್ಯಾಳನ್ನೂ ಬಾಗಿಲ ಹೊರಗಿನ ಬೆಂಚಿನ ಮೇಲೆ ಒಂದೂವರೆ ತಾಸು ಕೂರಿಸಿದರು. ಬಸವಪ್ರಭು ಒಳಗೆ ಕುರ್ಚಿಯಲ್ಲಿದ್ದ. ಬಿಸ್ಮಿಲ್ಲಾ ಎಲ್ಲಿಂದ ಬಂತು ಎಂದು ನಾನು ಕೇಳಿದೆ. ಅವನು ಅಳುಕಲಿಲ್ಲ. ಭಾವೈಕ್ಯದ ದೃಷ್ಟಿಯಿಂದ ತಾನೇ ಸೇರಿಸಿದ್ದು, ಮಾನ್ಯ ಪರೀಕ್ಷಕರೇ ಬಿಡುಗಡೆಯ ಭಾಷಣದಲ್ಲಿ ಅದನ್ನು ವಿಶೇಷವಾಗಿ ಮೆಚ್ಚಿದ್ದಾರೆ ಎಂದ. ನನ್ನ ಭಾಷಣ ಅವನ ಮೊಬೈಲಿನಲ್ಲಿತ್ತು. ಹಾಕಿ ತೋರಿಸಿದ. ನನ್ನ ಧ್ವನಿ, ನನ್ನ ಚಪ್ಪಾಳೆ, ಶಶಿಕಾಂತರ ಮುಗುಳ್ನಗೆ.

ಖಾಜಾಸಾಬರು ಒಳಗೆ ಬಂದು ಗಂಟು ಬಿಚ್ಚಿದರು. ಹಾಳೆಗಳನ್ನು ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯುವಂತಿರಲಿಲ್ಲ. ಅದು ನಿರ್ದೇಶಕರಿಗೂ ಗೊತ್ತಾಯಿತು, ಅವರ ಮುಖದಲ್ಲಿ ಕಂಡಿತು. ಟೈಪಿಸ್ಟರ ಸಾಕ್ಷ್ಯಕ್ಕೆ ನಿಯಮಾವಳಿಯಲ್ಲಿ ಅವಕಾಶವಿಲ್ಲ ಎಂದು ಶಶಿಕಾಂತ ಏನೋ ಗೊಣಗಿದರು. ನಿರ್ದೇಶಕರು ಅದಕ್ಕಿಂತ ಜಾಣರು. ಎರಡೂ ಅಧ್ಯಾಯಗಳನ್ನು ಅಕ್ಕಪಕ್ಕ ಇಟ್ಟು ಸಮಾಧಾನದಿಂದ ಮಾತು ತೆಗೆದರು.

"ನೋಡ್ರಿ, ಈ ಹುಡುಗಿ ಶಾಸ್ತ್ರಾನs ತಗೊಳ್ರಿ. ತಳದಾಗ ವ್ಯತ್ಯಾಸ ಇಲ್ಲದ ಮ್ಯಾಲೆ ವ್ಯತ್ಯಾಸ ಬರೂದಿಲ್ಲ ಅಂತ ಅಕೀನs ಬರದಾಳ. ಎರಡೂ ಅಕ್ಷರಕ್ಕ ಅಕ್ಷರ ಒಂದs ಅವ. ಅಂದಮ್ಯಾಲೆ ಒಂದನ್ನ ಕಳವು, ಒಂದನ್ನ ಸ್ವಂತ ಅನ್ನೂದು ಹೆಂಗ? ಒಂದಕ್ಕ ಪದವಿ ಕೊಟ್ಟಾಗೇದ, ಇನ್ನೊಂದಕ್ಕೂ ಕೊಟ್ಟುಬಿಡೋಣಂತ."

ಆ ವಾದ ಎಲ್ಲಿ ತಪ್ಪಿದೆ ಎಂದು ಎಷ್ಟೋ ಪುಸ್ತಕಗಳಲ್ಲಿ ಓದಿದ್ದೆ, ಪಾಠ ಹೇಳಿದ್ದೆ. ಆ ಕ್ಷಣಕ್ಕೆ ಒಂದೂ ಒದಗಲಿಲ್ಲ. ಮಾತಾಡಿದ್ದು ಖಾಜಾಸಾಬರು. ಅವರಿಗೆ ಕುರ್ಚಿ ಕೊಟ್ಟಿರಲಿಲ್ಲ, ನಿಂತೇ ಇದ್ದರು.

"ಸರ, ನಮ್ಮವ್ವನ ಗಾದಿ ಯಾರರ ಕದ್ದು ಒಯ್ದು ಮಲಗಿದ್ರ ಅವರಿಗೂ ಅದು ಮೆತ್ತಗs ಇರ್ತೈತ್ರಿ. ಮೆತ್ತಗಿರೂದು ಅರಳಿ ಮ್ಯಾಲೆ ಐತಿ. ಆದ್ರ ಗಾದಿ ಯಾರದು ಅನ್ನೂದು ಅರಳಿ ಮ್ಯಾಲೆ ಇಲ್ರಿ. ಅದು ಯಾರು ಹಿಂಜಿದ್ರು, ಯಾರು ಕದ್ರು ಅನ್ನೂದರ ಮ್ಯಾಲೆ ಐತಿ. ಆ ತಳದಾಗ ಇಬ್ಬರೂ ಒಂದs ಏನ್ರಿ? ಅಕಿ ಎಂಟು ತಿಂಗಳು ನನ್ನ ಬಾಜೂಕ ಕುಂತು ಬರದಾಳ. ಇವರು ಎಲ್ಲಿ ಕುಂತು ಬರದ್ರು ಕೇಳ್ರಿ."

ಬರಹದ ಚೆಲುವಿಗೆ ಅಕ್ಷರ ತಳವಾಗಬಹುದು, ಅದರ ಪ್ರಾಮಾಣಿಕತೆಗೆ ಅಕ್ಷರವಷ್ಟೇ ತಳವಲ್ಲ, ಅದು ಹುಟ್ಟಿಬಂದ ದಾರಿಯೂ ತಳ. ಪಂಡಿತರು ಇದನ್ನು ಹೇಳಲು ನಲವತ್ತು ಪುಟ ತೆಗೆದುಕೊಳ್ಳುತ್ತಾರೆ. ಡಾಕ್ಟರೇಟಿನ ಇಷ್ಟು ಪದವಿಗಳು ಕೂತಿದ್ದ ಆ ಕೋಣೆಯಲ್ಲಿ ಅದನ್ನು ತಿಳಿದು ಹೇಳಿದವರು ಅವರೊಬ್ಬರೇ. ನಿಮ್ಮದು ಆಯಿತಲ್ಲ, ಹೊರಗೆ ಕೂತಿರಿ ಎಂದರು ನಿರ್ದೇಶಕರು.

ಖಾಜಾಸಾಬರು ಹೊರಗೆ ಹೋಗಲಿಲ್ಲ, ಗಂಟು ಕಟ್ಟುತ್ತ ಬಾಗಿಲ ಬಳಿ ನಿಧಾನ ಮಾಡಿದರು. ಅಷ್ಟರಲ್ಲಿ ನಿರ್ದೇಶಕರು ಸೌಮ್ಯಾಳನ್ನು ಒಳಗೆ ಕರೆದು ಒಂದು ಕಾಗದ ಮುಂದಿಟ್ಟರು. ಮೊದಲೇ ಸಿದ್ಧ ಮಾಡಿದ್ದ ಕಾಗದ. ನನ್ನ ಅಧ್ಯಾಯಕ್ಕೂ ಡಾ. ಬಸವಪ್ರಭು ಅವರ ಅಧ್ಯಾಯಕ್ಕೂ ಇರುವ ಹೋಲಿಕೆ ಕೇವಲ ಆಕಸ್ಮಿಕ, ಈ ಬಗ್ಗೆ ನನ್ನ ಯಾವ ದೂರೂ ಇಲ್ಲ ಎಂದಿತ್ತು. ಸಹಿ ಮಾಡಿದರೆ ಮುಂದಿನ ತಿಂಗಳೇ ಮೌಖಿಕ ಪರೀಕ್ಷೆ, ಪದವಿ ಖಾತ್ರಿ. ಮಾಡದಿದ್ದರೆ ಪ್ರಬಂಧ ತಿರಸ್ಕಾರ, ಆರು ವರ್ಷ ನೀರುಪಾಲು. ತಂದೆಯ ವಯಸ್ಸಿನವನಾಗಿ ಹೇಳುತ್ತೇನೆ, ಹಟ ಬೇಡ ಎಂದು ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

ಆಕೆ ಕಾಗದವನ್ನು ಎರಡು ಸಲ ಓದಿದಳು. ಬಾಗಿಲ ಬಳಿಯಿದ್ದ ಖಾಜಾಸಾಬರತ್ತ ತಿರುಗಿ, ಏನು ಮಾಡಲಿ ಕಾಕಾ ಎಂದು ಕೇಳಿದಳು. ನಾನು ನಿನಗೆ ಅದನ್ನು ಹೇಳಲಾರೆ, ಓದಿದವಳು ನೀನು ಎಂದರು ಅವರು. ಅವರ ಕಣ್ಣುಗಳು ತುಂಬಿದ್ದವು.

"ಇದಕ್ಕ ಸಹಿ ಮಾಡಿದ್ರ ಆ ಅಧ್ಯಾಯ ನಾ ಬರದಿಲ್ಲ ಅಂತ ನಾನs ಒಪ್ಪಿಕೊಂಡಂಗ್ರಿ ಸರ" ಎಂದಳು ಸೌಮ್ಯಾ. "ಅವರಿಗೆ ಕೊಟ್ಟಿದ್ದನ್ನs ನನಗೂ ಕೊಡ್ತೀರಿ. ಹಂಗಾದ್ರ ನಂದೂ ಕಳವಿಂದs ಆಗ್ತದ. ನನಗ ಬ್ಯಾಡ."

ಪೆನ್ನನ್ನು ಮುಟ್ಟದೆ ಕಾಗದವನ್ನು ಮೇಜಿನ ಮೇಲೆ ಸರಿಸಿ ಹೊರಟುಹೋದಳು. ಖಾಜಾಸಾಬರು ಗಂಟು ಎತ್ತಿಕೊಂಡು ಹಿಂದೆಯೇ ಹೋದರು. ಆಮೇಲೆ ಚಹಾ ಬಂತು. ಅಭ್ಯರ್ಥಿಯ ಮೂರನೆಯ ಅಧ್ಯಾಯ ಈಗಾಗಲೇ ಪ್ರಕಟವಾದ ಗ್ರಂಥದೊಂದಿಗೆ ತಾಳೆಯಾಗುವುದರಿಂದಲೂ, ಅಭ್ಯರ್ಥಿ ವಿವರಣೆ ಕೊಡಲು ಒಪ್ಪದೆ ಇರುವುದರಿಂದಲೂ ಪ್ರಬಂಧವನ್ನು ತಿರಸ್ಕರಿಸಲಾಗಿದೆ ಎಂದು ನಡಾವಳಿ ಬರೆದಾಯಿತು. ಸಹಿಗಳಾದವು.

ಇದೆಲ್ಲ ಆಗಿ ಒಂದೂವರೆ ವರ್ಷ. ಬಸವಪ್ರಭು ಈಗ ಒಂದು ಕಾಲೇಜಿನಲ್ಲಿ ಪ್ರಾಧ್ಯಾಪಕ, ತತ್ವಶಾಸ್ತ್ರದ ಮಕ್ಕಳಿಗೆ ಶರಣವ್ವನ ಗಾದಿಯನ್ನು ಪಾಠ ಹೇಳುತ್ತಾನೆ. ಸೌಮ್ಯಾ ಸಪ್ತಾಪುರದ ಒಂದು ತರಬೇತಿ ಕೇಂದ್ರದಲ್ಲಿ ದಿನಕ್ಕೆ ಆರು ತಾಸು ತಾರ್ಕಿಕ ಪ್ರಶ್ನೆ ಬಿಡಿಸುವುದನ್ನು ಕಲಿಸುತ್ತಾಳೆ. ಆಕೆಯ ಹೆಸರಿನ ಹಿಂದೆ ಮುಂದೆ ಏನೂ ಇಲ್ಲ. ದಾರಿಯಲ್ಲಿ ಸಿಕ್ಕರೆ ನನಗೆ ನಮಸ್ಕಾರ ಮಾಡುತ್ತಾಳೆ, ಮಾತಾಡುವುದಿಲ್ಲ. ಖಾಜಾಸಾಬರು ಮಾತ್ರ ಮೊದಲಿನಂತೆಯೇ ಇದ್ದಾರೆ. ಆ ಕೇಂದ್ರದವರ ಪ್ರಬಂಧಗಳನ್ನು ಟೈಪು ಮಾಡುವುದಿಲ್ಲ ಎಂದು ಹೇಳಿಬಿಟ್ಟಿದ್ದಾರೆ, ಅದರಿಂದ ಅಂಗಡಿಯಲ್ಲಿ ಜನ ಅರ್ಧಕ್ಕರ್ಧ ಕಡಿಮೆ.

ಈ ಬರಹವನ್ನೂ ಅವರಲ್ಲಿಯೇ ಟೈಪು ಮಾಡಿಸಿದೆ. ಅವರ ಬಗ್ಗೆಯೇ ಬರೆದದ್ದನ್ನು ಅವರೆದುರು ಗಟ್ಟಿಯಾಗಿ ಓದುವುದು ಮುಜುಗರದ ಕೆಲಸ. ಹೊಗಳಿಕೆಯ ಕಡೆ ಏನೂ ಅನ್ನಲಿಲ್ಲ. ಅವರವ್ವನ ಕಡೆ ಬಂದಾಗ ಒಮ್ಮೆ ಕಣ್ಣೊರೆಸಿಕೊಂಡರು. ನಡಾವಳಿಯ ಸಾಲು ಓದಿದಾಗ ಬೆರಳುಗಳು ನಿಂತವು.

"ಸಹಿ ಆದುವು ಅಂತ ಬರದೀರಿ ಸರ" ಎಂದರು. "ಯಾರ್ಯಾರ್ದು ಅಂತ ಬರದಿಲ್ಲ."

ಓದುವವರಿಗೆ ಅದು ಬೇಕಾಗುವುದಿಲ್ಲ ಎಂದೆ. ಅವರು ಕೀಲಿಗಳ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಹೊರಗೆ ತರಬೇತಿ ಕೇಂದ್ರದ ಹುಡುಗರು ಗುಂಪಾಗಿ ಹೋಗುತ್ತಿದ್ದರು. ಹೇಳುತ್ತೇನೆ, ಹೊಡೆಯಿರಿ ಎಂದೆ.

ಸಹಿಗಳು ಮೂರು. ಒಂದು ನಿರ್ದೇಶಕರದು, ಒಂದು ಶಶಿಕಾಂತರದು. ಚಹಾ ಆರುತ್ತದೆ, ಲಗೂ ಮಾಡ್ರಿ ಎಂದರು ನಿರ್ದೇಶಕರು, ಮೂರನೆಯದನ್ನು ನಾನು ಹಾಕಿದೆ. ನನಗೆ ಪಿಂಚಣಿ ಬರುತ್ತದೆ, ಯಾರ ಹಂಗೂ ಇಲ್ಲ, ಕಳೆದುಕೊಳ್ಳುವುದು ಏನೂ ಇರಲಿಲ್ಲ. ಎಲ್ಲವನ್ನೂ ಕಳೆದುಕೊಳ್ಳಲಿದ್ದ ಆ ಹುಡುಗಿ ಹತ್ತು ನಿಮಿಷದ ಹಿಂದೆ ಮುಟ್ಟದೆ ಬಿಟ್ಟು ಹೋದ ಪೆನ್ನು ಮೇಜಿನ ಮೇಲೆಯೇ ಇತ್ತು. ಅದರಿಂದಲೇ ಸಹಿ ಮಾಡಿದೆ.